ಏರ್‌ಬ್ಯಾಗಿನ ಮೇಲೆ ಗಣಪತಿ

ಗಾಡಿ ಉಪ್ಪುಂದದ ಮನೆಗೆ ಬಂದ ದಿನ ಎಲ್ಲರೂ ಅದರ ಬಣ್ಣ ನೋಡುತ್ತಿದ್ದರೆ ನಾನು ಕೈಪಿಡಿ ಹಿಡಿದು ಕೂತೆ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುವ ಹೆಂಗಸು ನಾನು, ಏನು ಮಾಡಲಿ! ಏಳು ಸೀಟಿನ ಎತ್ತರದ ಗಾಡಿ. ಹಿಂದಿನ ಸೀಟು ಮಡಚಿದರೆ ಅಣ್ಣನ ದೋಣಿ ರಿಪೇರಿಯ ಸಾಮಾನು ಪೂರಾ ಹಿಡಿಯುತ್ತಿತ್ತು. ಮಂಡಿನೋವಿನ ಅಮ್ಮನಿಗೆ ಮಾತ್ರ ಹತ್ತುವುದೇ ಕಷ್ಟ. ಅಣ್ಣ ಮೀನಿನ ಪ್ಲಾಸ್ಟಿಕ್ ಬಾಕ್ಸೊಂದನ್ನು ಬೋರಲು ಇಟ್ಟು ಮೆಟ್ಟಿಲು ಮಾಡಿಕೊಟ್ಟ. ಮುಂದಿನ ಎಡಗಡೆ ಸೀಟು ಅವಳದೇ ಆಯಿತು.

ಆ ಸೀಟಿನ ಎದುರಿಗೇ, ಡ್ಯಾಶ್‌ಬೋರ್ಡಿನ ಮೇಲೆ, ಅಣ್ಣ ಹಿತ್ತಾಳೆಯ ಗಣಪತಿಯನ್ನು ಕೂರಿಸಿದ್ದ. ಬೇರೆಯವರಾದರೆ ಅಂಗಡಿಯ ಅಂಟುಪಟ್ಟಿ ಹಚ್ಚುತ್ತಾರೆ. ಫೈಬರ್ ದೋಣಿಗೆ ತೇಪೆ ಹಾಕುವ ಇವನು ಅದೇ ರೆಸಿನ್ ಅಂಟು ಕಲಸಿ ಹುಯ್ದಿದ್ದ. "ಕಡಲ್ ತೆರಿ ಬಡ್ದ್ರೂ ಅಲ್ಲಾಡ್ತಿಲ್ಲ," ಎಂದು ಜಂಭ ಬೇರೆ.

ಕೈಪಿಡಿಯ ಚಿತ್ರದಲ್ಲಿ ಅದೇ ಜಾಗಕ್ಕೆ ಕೆಂಪು ಗೀಟು ಎಳೆದಿದ್ದರು. ಒಳಗೆ ಏರ್‌ಬ್ಯಾಗ್ ಇದೆ, ಮೇಲೆ ಏನೂ ಇಡಬಾರದಂತೆ. ಅದು ಬಿಚ್ಚಿಕೊಳ್ಳುವುದು ಹೇಗೆ? ಗಾಡಿ ಗುದ್ದಿದ್ದು ಅದಕ್ಕೆ ಗೊತ್ತಾಗುವುದು ಹೇಗೆ? ನನಗೆ ತಡೆಯಲಾಗಲಿಲ್ಲ. ಬೈಂದೂರಿನ ಗ್ಯಾರೇಜಿಗೆ ಎಲ್ಲರೂ ಹೋದಾಗ ಮೆಕ್ಯಾನಿಕ್‌ನ ಬೆನ್ನು ಹತ್ತಿದೆ.

"ಕಣ್ ಮುಚ್ಚುದ್ರೊಳ್ಗೆ ಮುಚ್ಚಳ ಒಡ್ಕಂಡ್ ಬತ್ತ್ ಅಕ್ಕ," ಎಂದವನು ಗಣಪತಿಯನ್ನು ಅಲ್ಲಾಡಿಸಿ ನೋಡಿ ಬೆಚ್ಚಿಬಿದ್ದ. "ಹ್ವಾಯ್, ಇದೆಂತ ಮಾಡಿರಿ? ಅದ್ ಬಿಚ್ಚಿರೆ ದೇವ್ರು ಸೀದಾ ಅಮ್ಮನ ಮುಖಕ್ಕೇ ಬತ್ರ್ ಕಾಣಿ!"

ಅಣ್ಣ ಉಳಿ ತರಲು ಹೊರಟ. "ಉಳಿ ಗಿಳಿ ಮುಟ್ಸುಕಾಗ," ಎಂದು ಮೆಕ್ಯಾನಿಕ್ ಅಡ್ಡ ಬಂದ. ಡ್ಯಾಶ್‌ಬೋರ್ಡಿನ ಮೇಲಿನ ಭಾಗವನ್ನೇ ಬಿಚ್ಚಿ ಬೇರೆಯದು ಹಾಕಬೇಕಿತ್ತು.

ಅಮ್ಮ ಒಪ್ಪಲೇ ಇಲ್ಲ. "ಕಾಪಾಡುಕೆ ಕೂಕಂಡವ ಹೊಡಿತ್ನಾ? ಎಂತ ಮಾತಾಡ್ತ್ರಿ?"

"ಹಂಗಾರ್ ನೀನ್ ನಡು ಸೀಟಂಗೆ ಕೂಕೋ," ಎಂದೆ. ಅದಕ್ಕೂ ಇಲ್ಲ. ನನಗೆ ರೇಗಿಹೋಯಿತು. ಇಂಥ ಹಟದ ಮುದುಕಿಯನ್ನು ನಾನೆಲ್ಲೂ ಕಂಡಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಕ್ಯಾನಿಕ್‌ನನ್ನು ಕರೆದಳು. "ಹ್ವಾಯ್, ಆ ಬಲೂನಿಗೆ ಹೊರ್ಗ್ ಬಪ್ಪುಕೆ ಜಾಗ ಇಲ್ದಿರೆ, ಅದ್ ಇದ್ದೂ ಇಲ್ದಂಗೇಯಾ?"

"ಹೌದಮ್ಮ, ಇಲ್ದಂಗೇ."

"ಹಂಗಾರ್ ಬಿಚ್ಚಿ ಮಾರಾಯ್ರೆ. ಹೊಸತ್ ಹಾಕಿ."

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ದೋಣಿ ಮಗುಚಿ ಅಪ್ಪಯ್ಯ ಸತ್ತ ದಿನದ ಬಗ್ಗೆ ಅಮ್ಮ ನಮ್ಮೆದುರು ಎಂದೂ ಒಂದು ಮಾತು ಆಡಿದವಳಲ್ಲ. ಆಗ ಆಡಿದಳು.

"ಅವತ್ತ್ ನಿಮ್ ಅಪ್ಪಯ್ಯನ ಲೈಫ್ ಜಾಕೆಟ್ ಮನಿಯೊಳ್ಗೇ ಇದ್ದಿತ್. ಹೊಸತ್, ಉಪ್ಪ್‌ನೀರಿಗೆ ಹಾಳಾತ್ತ್ ಅಂದೇಳಿ ನಾನೇ ಪೆಟ್ಟಿಗಿಯೊಳ್ಗೆ ತೆಗ್ದಿಟ್ಟಿದ್ದೆ."

ಅಣ್ಣ ಗಾಡಿಯ ಕೀಲಿಕೈಯನ್ನು ಮೆಕ್ಯಾನಿಕ್‌ನ ಕೈಗೆ ಕೊಟ್ಟ.