ಬೆನ್ನ ಹಿಂದಿನ ಗಡಿಯಾರ

ಸೋಮವಾರ, ಬೆಳಗಿನ ಆರು ಗಂಟೆ. ಉರಿಗಾಂನ ಚಿನ್ನದ ಗಣಿ ಬಾಗಿಲಲ್ಲಿ ಚಿಕ್ಕಮುನಿಯಪ್ಪ ಜೇಬುಗಡಿಯಾರ ಹಿಡಿದು ತಂಗಿಯ ಗಂಡ, ಬಂಡೆ ಕೊರೆಯುವ ಡ್ರಿಲ್ ಹಿಡಿಯುವ ಕೋದಂಡಪ್ಪನ ಬೆನ್ನ ಹಿಂದೆ ನಿಂತಿದ್ದಾರೆ.

"ಕಣ್ಣು ಮುಚ್ಕೋ ಕಣ್ಲಾ. ಟಿಕ್ ಟಿಕ್ ಕೇಳಿದ್ರೆ ಕೈ ಎತ್ತು."

ಗಡಿಯಾರ ಮೆಲ್ಲಗೆ ಕಿವಿಯತ್ತ ಬರುತ್ತದೆ. ಮೊಳ ದೂರ, ಗೇಣು ದೂರ, ಊಹೂಂ. ನಾಲ್ಕು ಬೆರಳಷ್ಟು ಉಳಿದಾಗ ಕೈ ಮೇಲೇಳುತ್ತದೆ. ಗೋಡೆಗೆ ಸೀಮೆಸುಣ್ಣದ ಗೆರೆ ಬೀಳುತ್ತದೆ. ಹೋದ ವರ್ಷ, ಅಂದರೆ ೧೯೬೨ರ ಯುಗಾದಿಯಲ್ಲಿ, ಈ ಗೆರೆ ಒಂದು ಮೊಳ ದೂರದಲ್ಲಿತ್ತು.

ಕ್ಯಾಸಂಬಳ್ಳಿಯ ಬೇಸಾಯಗಾರರ ಮಗ ಚಿಕ್ಕಮುನಿಯಪ್ಪ ಒಂಬತ್ತು ವರ್ಷ ಡ್ರಿಲ್ ಹಿಡಿದು ಎಡಗಿವಿ ಕಳೆದುಕೊಂಡವರು. ಈಗ ಕಚೇರಿಯವರ ಕಣ್ಣಿಗೆ ಸದ್ದು ಅಳೆಯುವ ಮೀಟರ್ ಹೊರುವ ಆಳು, ಅಷ್ಟೇ. ಆದರೆ ಮುಳ್ಳು ತೋರಿಸಿದ ಅಂಕಿಗೆ ತೃಪ್ತಿಪಡುವ ಜಾಯಮಾನ ಅವರದ್ದಲ್ಲ. ಆ ಸದ್ದಿನಲ್ಲಿ ಯಾರು ಎಷ್ಟು ನಿಮಿಷ ನಿಂತರು ಎಂಬುದನ್ನೂ ಬರೆದುಕೊಳ್ಳುತ್ತಾರೆ.

"ಮೀಟರ್‌ನಾಗೆ ಮುಳ್ಳು ಮೂರು ಅಂಕಿ ಏರಿದ್ರೆ ಕಿವಿಗೆ ಬೀಳೋ ಶಕ್ತಿ ದುಪ್ಪಟ್ಟು ಸಾಮಿ. ಗಾಳಿಯಂತ್ರದ ಶೆಡ್ಡಿನಾಗೆ ತೊಂಬತ್ತೆರಡು, ಡ್ರಿಲ್ ತಾವ ನೂರಾ ಹತ್ತು. ಆರು ಸಲ ದುಪ್ಪಟ್ಟು ಮಾಡಿ, ಅರವತ್ನಾಲ್ಕು! ಶೆಡ್ಡಿನಾಗೆ ಒಂದು ಗಂಟೆ ಮೇಲೆ ನಿಂತ್ರೆ ಬೀಳೋದ್ನ ಡ್ರಿಲ್ ಒಂದೇ ನಿಮಿಷದಾಗೆ ಸುರೀತದೆ," ಎಂದು ಬಾಗಿಲಲ್ಲಿ ಹಾಜರಿ ಬರೆಯುವ ಗುಮಾಸ್ತರಿಗೆ ಲೆಕ್ಕ ಬಿಡಿಸುತ್ತಾರೆ.

ಮೊದಲ ಮೂರು ತಿಂಗಳ ಲೆಕ್ಕ ನೀರಲ್ಲಿ ಹೋಮವಾಯಿತು. ಆಗ ಎದುರಿಗೇ ನಿಂತು ಗಡಿಯಾರ ಹಿಡಿಯುತ್ತಿದ್ದರು. ಒಂದು ದಿನ ಕೀಲಿ ಕೊಡಲು ಮರೆತು ಗಡಿಯಾರ ನಿಂತೇಹೋಗಿತ್ತು. ಆದರೂ ಕೋದಂಡಪ್ಪ, "ಕೇಳ್ತದೆ ಬಾವ" ಎಂದುಬಿಟ್ಟ! ಮೋಸವಲ್ಲ, ಪಾಪ. ಡ್ರಿಲ್ಲಿನ ಆರ್ಭಟದಲ್ಲಿ ಮಾತು ಕೇಳದವರು ಎದುರಿನವನ ಹುಬ್ಬು ನೋಡಿಯೇ ತಲೆಯಾಡಿಸುತ್ತಾರೆ. ಚಿಕ್ಕಮುನಿಯಪ್ಪ ಹಾಳೆಗಳನ್ನೆಲ್ಲ ಒಲೆಗೆ ತುರುಕಿದರು. ಮಾರನೆಯ ದಿನದಿಂದ ಬೆನ್ನ ಹಿಂದೆ ನಿಂತರು.

ಹೊಸ ಲೆಕ್ಕ ಹಿಡಿದು ಅಧಿಕಾರಿಯ ಮೇಜಿಗೆ ಏಳು ಸಲ ಹೋದರು. ಕೋದಂಡಪ್ಪನಿಗೆ ಅರ್ಧ ಪಾಳಿ ಡ್ರಿಲ್, ಇನ್ನರ್ಧ ಸದ್ದಿಲ್ಲದ ಕೆಲಸ, ಇಷ್ಟೇ ಬೇಡಿಕೆ. "ಎಲ್ಲರಿಗೂ ಅದೇ ಸದ್ದು, ಇವನಿಗೇನು ವಿಶೇಷ?" ಎಂದು ಆರು ಸಲ ಅಟ್ಟಿದ ಅಧಿಕಾರಿ ಏಳನೆಯ ಸಲ, ಅವನೊಬ್ಬನಿಗೆ ಒಂದು ತಿಂಗಳ ಪರೀಕ್ಷೆಗೆ ಒಪ್ಪಿದರು. ಆ ತಿಂಗಳು ಇವತ್ತಿಗೆ ಮುಗಿಯಿತು.

ಗೋಡೆಯ ಮೇಲೆ ತಿಂಗಳ ಹಿಂದಿನ ಗೆರೆಯೂ ನಾಲ್ಕೇ ಬೆರಳು. ಒಂದು ಕೂದಲೆಳೆಯೂ ಒಳಗೆ ಸರಿದಿಲ್ಲ. ಚಿಕ್ಕಮುನಿಯಪ್ಪ ಬೆರಳಿಟ್ಟು ಮೂರು ಸಲ ಅಳೆದು ನೋಡುತ್ತಾರೆ. ಕಣ್ಣು ತುಂಬಿ ಬರುತ್ತದೆ.

"ಓಗಿದ್ದು ಬರಲ್ಲ, ಗೊತ್ತು. ಎಲ್ಲಾ ಡ್ರಿಲ್‌ನೋರಿಗೂ ಇದೇ ಪಾಳಿ ಕೊಡ್ಲಿ ಅಂತ ಎಂಟನೇ ಸಲ ಓಗ್ತೀನಿ," ಎಂದು ಗುಮಾಸ್ತರಿಗೆ ಹೇಳುತ್ತಾ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ. "ನಮ್ ತಂಗಿ ಮುನಿರತ್ನಮ್ಮ ಈಗ ಆರು ತಿಂಗ್ಳ ಬಸ್ರಿ. ನಾಳೆ ಕೂಸು ಬೆನ್ನ ಹಿಂದೆ ನಿಂತು 'ಅಪ್ಪಾ' ಅಂದ್ರೆ, ಇವ್ನು ತಿರುಗಿ ನೋಡ್ಬೇಕು ಸಾಮಿ."