ಮೋರಿಗೆ ಹೋಗುವ ನೀರಿನಲ್ಲಿ ಒಂಬತ್ತು ದೀಪ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರ ಗಡಗಡ ಎಂದು ನಿಂತು, ಹೊಟ್ಟೆಯಲ್ಲಿದ್ದ ಬಿಸಿನೀರನ್ನೆಲ್ಲ ಗೋಡೆಬದಿಯ ದಪ್ಪ ಕೊಳವೆಗೆ ಕಕ್ಕುತ್ತದೆ. ನೊರೆ, ಕೊಳೆ, ಎಪ್ಪತ್ತು ಡಿಗ್ರಿ ಶಾಖ, ಎಲ್ಲವೂ ಮೋರಿಯ ದಾರಿ ಹಿಡಿದಿವೆ. ಪಕ್ಕದಲ್ಲೇ ಏಣಿ ಹತ್ತಿ ನಿಂತ ಐವತ್ತನಾಲ್ಕರ ಹೆಂಗಸು ಕೊಳವೆಯ ಮೇಲೆ ಒದ್ದೆ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹಾಸುತ್ತಿದ್ದಾರೆ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಿಸಿನೀರಕ್ಕ ಎಂದೇ.

ಬಟ್ಟೆಯ ಕೆಳಗಿರುವುದು ಅಂಗೈಯಗಲದ ಚಪ್ಪಟೆ ಸೆಲ್‌ಗಳು, ಒಟ್ಟು ಮುನ್ನೂರು. ಪ್ರತಿಯೊಂದರೊಳಗೆ ಕಬ್ಬಿಣದ ಲವಣ ಕರಗಿಸಿದ ಹಳದಿ ನೀರು, ಎರಡೂ ಬದಿಗೆ ಒಂದೊಂದು ಇಂಗಾಲದ ಹಾಳೆ. ಒಂದು ಬದಿ ಕೊಳವೆಗೆ ಅಂಟಿ ಬಿಸಿಯಾಗಿರಬೇಕು, ಇನ್ನೊಂದು ಒದ್ದೆ ಬಟ್ಟೆಯಡಿ ತಣ್ಣಗಿರಬೇಕು. ಬಿಸಿ ಬದಿಯಲ್ಲಿ ಲವಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಣ್ಣನೆಯ ಬದಿಯಲ್ಲಿ ಮರಳಿ ಪಡೆಯುತ್ತದೆ. ನಡುವಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಒಳಗಿನ ದ್ರಾವಣವೂ ಖರ್ಚಾಗುವುದಿಲ್ಲ. ಒಂದು ಸೆಲ್ ಕೊಡುವುದು ಒಂದು ವೋಲ್ಟಿನ ಇಪ್ಪತ್ತೈದರಲ್ಲಿ ಒಂದು ಭಾಗ ಮಾತ್ರ. ಹನಿಗೂಡಿದರೆ ಹಳ್ಳ ಎನ್ನುವಂತೆ ಮುನ್ನೂರೂ ಸೇರಿ, ವಾರ್ಡುಗಳಿಗೆ ಹೋಗುವ ಕಿಟಕಿಯಿಲ್ಲದ ಮೆಟ್ಟಿಲಲ್ಲಿ ಒಂಬತ್ತು ದೀಪ ಉರಿಸುತ್ತವೆ. ನೋಡಿ ನಾನಂತೂ ಮೂಗಿನ ಮೇಲೆ ಬೆರಳಿಟ್ಟೆ.

"ನನಗೂ ಮೊದಮೊದಲು ನಂಬಿಕೆ ಇರ್ಲಿಲ್ಲ," ಎನ್ನುತ್ತಾರೆ ಬಿಸಿನೀರಕ್ಕ. "ಬೆಂಕಿ ಇಲ್ಲ, ಚಕ್ರ ಇಲ್ಲ, ಎಲ್ಲಿಂದ ಬರತ್ತೆ ಕರೆಂಟು? ಮೇಷ್ಟ್ರು ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ. ಕೊಳವೆ ಮುಟ್ಟಿ ನೋಡ್ದೆ, ದೀಪ ನೋಡ್ದೆ, ಸುಮ್ಮನಾದೆ."

ಮೇಷ್ಟ್ರು ಎಂದರೆ ಈ ಸೆಲ್‌ಗಳನ್ನು ಮಾಡಿ ತಂದ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು. ಆರು ತಿಂಗಳ ಹಿಂದೆ ಅವುಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕೆಂದಾಗ ಆಸ್ಪತ್ರೆಯವರು ಬಿಸಿನೀರಕ್ಕನನ್ನು ತೋರಿಸಿದರು. ಇಪ್ಪತ್ತೆರಡು ವರ್ಷ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಅವರ ಬಲಭುಜ ಮೇಲೇಳದಂತಾಗಿತ್ತು. ಈಗ ದಿನಕ್ಕೆ ನಾಲ್ಕು ಬಾರಿ ಮುನ್ನೂರು ತುಂಡು ಬಟ್ಟೆ ನೆನೆಸುವುದು, ಎರಡು ಬಾರಿ ಮೀಟರ್ ಹಿಡಿದು ಪ್ರತಿ ಸೆಲ್‌ನ ಅಂಕಿ ಬರೆಯುವುದು ಅವರ ಕೆಲಸ. ಎಲ್ಲ ಎಡಗೈಯಲ್ಲಿ.

ಒಗೆದ ಬಟ್ಟೆ ಮಡಚುವ ಮೇಜಿನಲ್ಲಿ ಅವರ ಸೊಸೆಯ ಕೆಲಸ. "ಮನೇಲಿ ಒಂದು ಬಲ್ಬ್ ಹಾಕಿದ್ರೆ ಹತ್ತು ಸಲ ಆರಿಸು ಅಂತಾರೆ ನಮ್ಮತ್ತೆ," ಎಂದು ಆಕೆ ಕಾಲೆಳೆಯುತ್ತಾಳೆ. "ಇಲ್ಲಿ ಹಗಲೂ ಉರಿಸ್ತಾರೆ."

ಆದರೆ ಇವತ್ತು ಅತ್ತೆಗೆ ನಗು ಬರುತ್ತಿಲ್ಲ. ಇವತ್ತು ಆಸ್ಪತ್ರೆಯವರು ಇಟ್ಟ ಪರೀಕ್ಷೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಒಂಬತ್ತೂ ದೀಪ ಉರಿದರೆ ಸೆಲ್‌ಗಳು ಇಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಬಿಚ್ಚಿ ಒಯ್ಯುತ್ತಾರೆ. ಆಮೇಲೆ ಈ ಭುಜಕ್ಕೆ ಇಲ್ಲಿ ಬೇರೆ ಕೆಲಸವಿಲ್ಲ ಎಂದು ಮೇಲ್ವಿಚಾರಕರು ಮೊದಲೇ ಹೇಳಿದ್ದಾರೆ. ಎರಡು ತಿಂಗಳ ಹಿಂದಿನವರೆಗೂ ಉರಿಯುತ್ತಿದ್ದುದು ಐದೇ ದೀಪ.

ಐದು ಒಂಬತ್ತಾಗುವ ದಾರಿ ಸಿಕ್ಕಿದ್ದು ಒಂದು ತಪ್ಪಿನಿಂದ. ಆಗ ಸೆಲ್‌ಗಳೆಲ್ಲ ಕೊಳವೆಯ ಅಡಿಗೆ ನೇತಾಡುತ್ತಿದ್ದವು. ಒಂದು ದಿನ ಕ್ಲಿಪ್ ಮುರಿದು ನೂರಾಹನ್ನೆರಡನೆಯ ಸೆಲ್ ಕೈಗೆ ಬಂತು. ಅಡಿಯಲ್ಲಿ ಕಟ್ಟಲು ಭುಜ ಬಗ್ಗದೆ, ಬಿಸಿನೀರಕ್ಕ ಅದನ್ನು ಕೊಳವೆಯ ಮೇಲಿಟ್ಟು ಹರಕು ಬಟ್ಟೆಯಿಂದ ಬಿಗಿದರು. ಮರುದಿನ ಅದರ ಅಂಕಿ ಹೆಚ್ಚುಕಡಿಮೆ ದುಪ್ಪಟ್ಟು.

"ಮೀಟರ್ ಕೆಟ್ಟೋಯ್ತು ಅಂದ್ಕೊಂಡೆ. ತಪ್ಪು ನಂದಲ್ವಾ, ಹದಿನೈದು ದಿನ ಬಾಯಿ ಬಿಡಲಿಲ್ಲ. ದಿನಾ ಅದೇ ಅಂಕಿ ಬಂತು. ಕೊನೆಗೆ ಸೊಸೆನೇ ಮೇಷ್ಟ್ರಿಗೆ ಫೋನ್ ಮಾಡಿಸಿದ್ಲು."

ಮೇಷ್ಟ್ರು ಬಂದು ನೋಡಿ, ಕವುಚಿಟ್ಟ ಬಕೆಟ್ ಮೇಲೆ ಕುಳಿತುಬಿಟ್ಟರಂತೆ. "ಬಿಸಿ ಮೇಲಿದ್ರೆ ಒಳಗಿನ ದ್ರಾವಣ ಅಲ್ಲಾಡದೆ ಕೂರತ್ತೆ. ಕೆಳಗಿಂದ ಕಾದ್ರೆ ತಾನೇ ಸುತ್ತಾಡತ್ತೆ, ಕರೆಂಟೂ ಹೆಚ್ಚತ್ತೆ," ಎಂದು ನನಗೆ ವಿವರಿಸುತ್ತಾರೆ ಅವರು. "ಪುಸ್ತಕದಲ್ಲಿ ಓದಿದ್ದೆ ಕಣ್ರಿ. ಆದ್ರೂ ಅಡಿಯಲ್ಲಿ ಜಾಗ ಇತ್ತು ಅಂತ ಅಲ್ಲೇ ನೇತುಹಾಕ್ದೆ."

"ಹಾಲು ಕಾಯಿಸೋರನ್ನ ಕೇಳಿದ್ರೆ ಸಾಕಿತ್ತು," ಎನ್ನುತ್ತಾಳೆ ಸೊಸೆ. ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಅತ್ತೆ ಸೊಸೆ ಇಬ್ಬರೇ ಸೇರಿ, ನಾಲ್ಕು ದಿನದಲ್ಲಿ ಮುನ್ನೂರನ್ನೂ ಮೇಲಕ್ಕೆ ಏರಿಸಿದ್ದಾರೆ.

ನಾನು ಮೆಟ್ಟಿಲ ಮೇಲೆ ಕೂತು ದೀಪ ಕಾಯುತ್ತೇನೆ. ಹನ್ನೆರಡೂವರೆಗೆ ಸೆಖೆ ಏರಿ ಬಟ್ಟೆಗಳು ಬೇಗ ಒಣಗುತ್ತವೆ. ಒಂಬತ್ತೂ ದೀಪ ಒಮ್ಮೆಲೇ ಮಂಕಾಗುತ್ತವೆ. ಕೆಳಗೆ ಓಡಿ ನೋಡಿದರೆ ಬಿಸಿನೀರಕ್ಕ ಆಗಲೇ ಏಣಿಯ ಮೇಲಿದ್ದಾರೆ, ಎಡಗೈಯ ಮಗ್ಗಿನಿಂದ ನೀರು ಚಿಮುಕಿಸುತ್ತಾ, ಏಣಿ ಸರಿಸುತ್ತಾ ಸಾಲಿನ ತುದಿಯವರೆಗೆ ಹೋಗುತ್ತಾರೆ. ಗಡಿಬಿಡಿಯಿಲ್ಲ. ಇಪ್ಪತ್ತು ನಿಮಿಷದಲ್ಲಿ ಬೆಳಕು ಮರಳುತ್ತದೆ. ಎಸೆಯುವ ನೀರು, ಹರಿದ ಬಟ್ಟೆ, ನೋಯುವ ಭುಜ ಕೂಡಿ ಇಷ್ಟು ಬೆಳಕು ಮಾಡುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಎರಡು ಗಂಟೆಗೆ ಮೇಲ್ವಿಚಾರಕರು ಮೆಟ್ಟಿಲು ಹತ್ತುತ್ತಾ ಬೆರಳು ಮಡಚಿ ಎಣಿಸುತ್ತಾರೆ. ಒಂಬತ್ತು. ಮೇಷ್ಟ್ರು ಖುಷಿಯಲ್ಲಿ, ತಾವು ಬರೆಯುವ ವರದಿಯ ಮೊದಲ ಪುಟದಲ್ಲೇ ಬಿಸಿನೀರಕ್ಕನ ಹೆಸರು ಹಾಕುವುದಾಗಿ ಹೇಳುತ್ತಾರೆ. ಬಿಸಿನೀರಕ್ಕ ಕೈ ಒರೆಸಿಕೊಂಡು ಮೇಲ್ವಿಚಾರಕರತ್ತ ತಿರುಗಿ, "ಹಂಗಾದ್ರೆ ನಾಳೆ ನಾನು ಬರಬೇಕಲ್ವಾ?" ಎಂದಷ್ಟೇ ಕೇಳುತ್ತಾರೆ.

"ನೀವಲ್ದೆ ಇನ್ಯಾರು ಬರ್ತಾರಮ್ಮ?" ಎನ್ನುತ್ತಾರೆ ಅವರು.

ಹೊರಡುವ ಮುನ್ನ, ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಅವರು ಒಣಗಿದ ಬಟ್ಟೆಯ ತುಂಡೊಂದನ್ನು ನೀರಿಗೆ ಅದ್ದುತ್ತಾರೆ.

"ಮೆಟ್ಟಿಲಲ್ಲಿ ದೀಪ ಇದ್ರೆ ನಾನು ಯಾರು ಅಂತ ಯಾರೂ ಕೇಳಲ್ಲ. ಆರಿದ್ರೆ ಮಾತ್ರ ಎಲ್ಲಿ ಅವಳು ಅಂತಾರೆ. ನನ್ನ ಯಾರೂ ಕೇಳದೇ ಇರ್ಲಿ, ಅಷ್ಟು ಸಾಕು."