ಪಾರ್ವತಮ್ಮನ ಗೋಡೆಗೆ ಬೆಲ್ಲದ ಪರೀಕ್ಷೆ

ಹೊಳೆನರಸೀಪುರದ ಗುಂಡಯ್ಯ ಮಣ್ಣಿನ ಗೋಡೆ ಏರಿಸುವವನು. ನೆಟ್ಟಗಿರುವ ಗೋಡೆಗಿಂತ ಬಿರುಕು ಬಿಟ್ಟ ಗೋಡೆಯ ಮುಂದೆಯೇ ಅವನು ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಕಂಡವರ ಮನೆಯ ಬಿರುಕನ್ನು ಬೆರಳಲ್ಲಿ ಸವರುತ್ತ, "ಇಲ್ಯಾಕೆ ತಿರುಗ್ತು ಇದು?" ಎನ್ನುವವನನ್ನು ಆ ಮನೆಯವರು ಪ್ರೀತಿಯಿಂದ ನೋಡುವುದು ಕಷ್ಟ.

ಐವತ್ತಾರನೇ ಇಸವಿಯ ಬೇಸಗೆಯಲ್ಲಿ ಅವನ ಅಕ್ಕ ಪಾರ್ವತಮ್ಮ ಗಂಡ ಸತ್ತು ತವರಿಗೆ ಬಂದಳು. ಅವಳಿಗೊಂದು ಕೋಣೆ ಕಟ್ಟಲು ಹೊರಟ ಗುಂಡಯ್ಯ, ಅಕ್ಕರೆ ಹೆಚ್ಚಾಗಿ ಮಣ್ಣನ್ನೆಲ್ಲ ರಾಗಿಹಿಟ್ಟಿನಂತೆ ಜರಡಿ ಹಿಡಿದ. ಕಲ್ಲು, ಹುಲ್ಲು ಒಂದೂ ಬೇಡವೆಂದ. ಗೋಡೆ ನುಣ್ಣಗೆ ಎದ್ದಿತು; ಒಣಗುತ್ತಲೇ ನೆತ್ತಿಯಿಂದ ಬುಡದವರೆಗೆ ನೇರವಾಗಿ ಸೀಳಿತು.

"ಇದ್ರ ಪಕ್ದಲ್ಲಿ ಮಲಗಾಕೆ ನಾನೊಲ್ಲೆ ಕಣ್ಲಾ" ಎಂದು ಅಕ್ಕ ಚಾಪೆ ಎತ್ತಿಕೊಂಡು ಪಕ್ಕದ ಮನೆಯ ಜಗಲಿ ಸೇರಿದಳು. ಮಳೆಗಾಲಕ್ಕೆ ಹೆಚ್ಚು ದಿನವಿರಲಿಲ್ಲ.

ಗುಂಡಯ್ಯ ನನ್ನ ದಿನಸಿ ಅಂಗಡಿಗೆ ಬಂದ. "ಸಾವ್ಕಾರ್ರೆ, ಮರಳಿಲ್ದಿರೋ ಬೆಲ್ಲ ಐತಾ?"

ನನ್ನ ಬೆಲ್ಲದ ಕೀರ್ತಿ ಅವನ ಕೇರಿಯವರೆಗೂ ಹೋಗಿತ್ತು. "ತಿನ್ನೋಕೆ ತಾನೆ? ಒಂಚೂರು ಮರಳು ಇದ್ರೇನಯ್ಯ?" ಎಂದೆ.

"ತಿನ್ನಾಕಲ್ಲ, ಮುರಿಯಾಕೆ."

ಅಂಗಡಿಯ ಹಿತ್ತಲಲ್ಲೇ ಒಲೆ ಹೂಡಿ, ಬೆಲ್ಲ ಸೋಸಿ, ಪಾಕವನ್ನು ಮೂರು ತಟ್ಟೆಗೆ ಹುಯ್ದ. ಒಂದು ಬರೀ ಪಾಕ, ಇನ್ನೊಂದಕ್ಕೆ ಕಡಲೆಬೀಜ, ಮತ್ತೊಂದಕ್ಕೆ ಬೀಜದ ಜೊತೆ ಕತ್ತರಿಸಿದ ತೆಂಗಿನ ನಾರು. ಗಟ್ಟಿಯಾದ ಮೇಲೆ ಮಂಡಿಗೆ ಆನಿಸಿ ಬಗ್ಗಿಸಿದ. ಬರೀ ಪಾಕ ಟಕ್ಕನೆ ನೇರ ಮುರಿಯಿತು. ಎರಡನೆಯದರಲ್ಲಿ ಬೀಜ ಸಿಕ್ಕಲ್ಲೆಲ್ಲ ಸೀಳು ಸುತ್ತಿ ಬಳಸುತ್ತ, ಕುಂಟುತ್ತ ಹೋಯಿತು. ನಾರಿನದು ಮುರಿದರೂ ಬಿಡದೆ ಜೋತಾಡಿತು.

"ಒಳಗೆಲ್ಲ ಒಂದೇ ತರ ಇದ್ರೆ ಸೀಳಿಗೆ ರಾಜಬೀದಿ ಕಣ್ ಸಾವ್ಕಾರ್ರೆ!"

ಶಾಸ್ತ್ರಕ್ಕೆ ನೆರವಾಗಲೆಂದು ನಾನು ಎರಡನೆಯ ತಟ್ಟೆಯನ್ನು ಪೂರ್ತಿ ಪರಿಶೀಲಿಸಿದೆ. ಒಂದು ದವಡೆ ಹಲ್ಲೂ ಬಿರುಕು ಬಿಟ್ಟಿತು. ಅದನ್ನೂ ಅವನು ಬಾಯಿ ತೆರೆಸಿ ನೋಡಿದ.

ಹಳೆಯ ಗೋಡೆ ಕೆಡವಿ, ಹರಳುಗಲ್ಲಿನ ಗರಸು, ನೆಲ್ಲುಹುಲ್ಲು ಹಾಕಿ ಮಣ್ಣು ತುಳಿದು ಮತ್ತೆ ಏರಿಸಿದ. "ಒಡಹುಟ್ಟಿದೋಳಿಗೆ ಕಸದ ಗೋಡೇನ್ಲಾ?" ಎಂದು ಪಾರ್ವತಮ್ಮ ಮೂಗು ಮುರಿದಳು.

ಒಣಗುವಾಗ ಇದೂ ಬಿರುಕು ಬಿಟ್ಟಿತು. ಗುಂಡಯ್ಯ ಕುಣಿದಾಡಿದ. "ನೋಡಕ್ಕ, ಹರಳು ಸುತ್ಕೊಂಡು ಬಂದು ಗೇಣುದ್ದಕ್ಕೇ ನಿಂತ್ಬುಟ್ಟದೆ!"

"ಬಿರುಕು ಬಿಟ್ಟಿದ್ಕೆ ಯಾರಾನಾ ಕುಣೀತಾರೇನ್ಲಾ, ಲೇ?"

ಅವನು ಬಿರುಕಿನ ತುದಿಗೆ ಇದ್ದಿಲಲ್ಲಿ ಗೆರೆ ಎಳೆದ. ಮಳೆ ಹಿಡಿಯಿತು. ತಮ್ಮ ಕೆಲಸಕ್ಕೆ ಹೋದ ಮೇಲೆ ಪಾರ್ವತಮ್ಮ ಕಳ್ಳಿಯಂತೆ ಒಳಗೆ ಹೋಗಿ ಆ ಗೆರೆ ನೋಡಿ ಬರುವುದನ್ನು ನಾನೇ ಕಂಡೆ. ಬಿರುಕು ಗೆರೆ ದಾಟಲಿಲ್ಲ.

ಒಂದು ಸಂಜೆ ಅವಳು ಚಾಪೆ ಸುತ್ತಿಕೊಂಡು ಕೋಣೆಗೆ ಬಂದಳು. "ಜಗಲಿ ಮ್ಯಾಲೆ ಎರಚಲು ಹೊಡೀತದೆ, ಅದಕ್ಕೆ ಬಂದೆ. ನಿನ್ ಗೋಡೆ ನಂಬಿ ಅಲ್ಲ" ಎಂದು, ಬಿರುಕಿನ ಪಕ್ಕದಲ್ಲೇ ಚಾಪೆ ಹಾಸಿದಳು.